ಮೆಕೆನ್ಲಿ ಓಟ

ರಾತ್ರಿ 1952ರ ಹೆಲ್ಸಿಂಕಿ ಒಲಿಂಪಿಕ್ಸ್ ರಿಸಲ್ಟ್ ನೋಡ್ತಾ ಕೂತಿದ್ದೆ, ಜಮೈಕಾದ ಹರ್ಬ್ ಮೆಕೆನ್ಲಿ ಹೆಸರು ಬಿಟ್ಟು ಮುಂದಕ್ಕೆ ಹೋಗೋಕೇ ಆಗ್ಲಿಲ್ಲ. 100 ಮೀಟರ್ ಫೈನಲ್‌ನಲ್ಲಿ ಮೊದಲ ನಾಲ್ಕೂ ಜನಕ್ಕೆ ಒಂದೇ ಟೈಮ್, 10.4 ಸೆಕೆಂಡ್! ಗೆದ್ದ ಅಮೆರಿಕದ ಲಿಂಡಿ ರೆಮಿಜಿನೋಗೇ ತಾನು ಗೆದ್ದಿದೀನಿ ಅಂತ ಗೊತ್ತಿರ್ಲಿಲ್ವಂತೆ, ಹೋಗಿ ಮೆಕೆನ್ಲಿಗೆ ಕಂಗ್ರಾಟ್ಸ್ ಹೇಳಿದಾರೆ, ಆಮೇಲೆ ಫೋಟೋ ನೋಡಿ ಚಿನ್ನ ರೆಮಿಜಿನೋಗೆ, ಬೆಳ್ಳಿ ಮೆಕೆನ್ಲಿಗೆ ಅಂತ ತೀರ್ಮಾನ ಆಯ್ತು.

400 ಮೀಟರ್‌ನಲ್ಲೂ ಅದೇ ಕಥೆ, ತನ್ನದೇ ದೇಶದ ಜಾರ್ಜ್ ರೋಡನ್‌ಗೂ ಇವರಿಗೂ 45.9, ಮತ್ತೆ ಬೆಳ್ಳಿ. 1948ರಲ್ಲಿ ಲಂಡನ್‌ನಲ್ಲೂ 400ರಲ್ಲಿ ಬೆಳ್ಳಿನೇ, ಅಲ್ಲಿ ಗೆದ್ದಿದ್ದು ಆರ್ಥರ್ ವಿಂಟ್, ಅವರೂ ಜಮೈಕಾದವರೇ. ಎಷ್ಟು ಸಂಕಟ ಆಗಿರ್ಬೇಡ ಆ ಮನುಷ್ಯನಿಗೆ.

ಆದ್ರೆ ಹೆಲ್ಸಿಂಕಿಯ 4x400 ರಿಲೇನಲ್ಲಿ (ನಾಲ್ಕು ಜನ ಒಬ್ಬರಾದ್ಮೇಲೆ ಒಬ್ಬರು 400 ಮೀಟರ್ ಓಡಿ ಬ್ಯಾಟನ್ ಅನ್ನೋ ಕೋಲು ದಾಟಿಸೋ ಓಟ) ಮೂರನೇ ಸರದಿ ಇವರದ್ದು, ಬ್ಯಾಟನ್ ಕೈಗೆ ಬಂದಾಗ ಅಮೆರಿಕ ತುಂಬಾ ಮುಂದಿತ್ತು, ಇವರು 44.6ರಲ್ಲಿ ಓಡಿ ಆ ಅಂತರಾನೆಲ್ಲ ಮುಚ್ಚಿ ರೋಡನ್ ಕೈಗೆ ಕೊಟ್ರು, ಜಮೈಕಾಗೆ 3:03.9ರ ವಿಶ್ವದಾಖಲೆ ಜೊತೆ ಚಿನ್ನ, ಅಮೆರಿಕ ಬರೀ 0.1 ಸೆಕೆಂಡ್ ಹಿಂದೆ. ವಿಂಟ್, ರೋಡನ್ ಇಬ್ರೂ ಅದೇ ಟೀಮಲ್ಲಿ, ತನ್ನನ್ನ ಸೋಲಿಸಿದವರ ಜೊತೆನೇ ಸಿಕ್ಕ ಚಿನ್ನ ಅದು. ಓದ್ತಾ ಓದ್ತಾ ಕಣ್ಣಲ್ಲಿ ನೀರು ಬಂತು.