ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ: ರೂಮ್ ಊರೊಳಗೆ ಮಾಡಿ, ದಿನ ಹೊಳೆ ಮೇಲೆ ಕಳೀರಿ

ಮಡಿಕೇರಿ, ಸೋಮವಾರಪೇಟೆ ಕಡೆಯಿಂದ ಮಂಗಳೂರಿಗೆ ಸಮುದ್ರ ನೋಡೋಕೆ ಹೊರಡೋರಿಗೆ ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ದಯವಿಟ್ಟು ಬೀಚ್ ಪಕ್ಕ ರೂಮ್ ಮಾಡ್ಬೇಡಿ. ನಾವು ಮಾಡಿದ್ವಿ. ಒಂದು ರಾತ್ರಿಗೆ 3,400 ರೂಪಾಯಿ ಕೊಟ್ವಿ, ಸಿಕ್ಕಿದ್ದು ಏನು ಅಂತ ಕೆಳಗೆ ಬರೀತೀನಿ. ಆದ್ರೆ ಇಡೀ ಟ್ರಿಪ್ಪಲ್ಲಿ ಮನಸ್ಸಿಗೆ ಹಿಡಿಸಿದ್ದು ಟೀ ಕುಡಿಯೋ ದುಡ್ಡಲ್ಲಿ ಹತ್ತಿದ ದೋಣಿ ಮತ್ತೆ ಆಚೆ ದಡದಲ್ಲಿ ಉಂಡ ಊಟ. ಅದನ್ನ ಹೇಳೋಕೇ ಇಷ್ಟು ಬರೀತಿರೋದು.

ನಮ್ಮದು ಕೊಡಗಿನ ಶಾಂತಳ್ಳಿ ಕಡೆ. ಫೆಬ್ರವರಿ ಎರಡನೇ ವಾರ, ಅರೇಬಿಕಾ ಕುಯ್ಲು ಮುಗಿದು ಕಣದಲ್ಲಿ ಕೆಲಸ ಕಮ್ಮಿ ಆಗಿತ್ತು, ನಾನು, ಹೆಂಡ್ತಿ, ಒಂಬತ್ತು ವರ್ಷದ ಮಗಳು, ಮಂಡಿ ನೋವಿರೋ ಅಮ್ಮ, ನಾಲ್ಕೇ ಜನ. ವಿರಾಜಪೇಟೆ ಕಡೆಯವರು ಮಾಕುಟ್ಟ ಇಳಿದು ಕಣ್ಣೂರಿಗೆ ಹೋಗ್ತಾರೆ, ನಮಗೆ ಮಂಗಳೂರೇ ಹತ್ರ. ವೀಕೆಂಡ್ ಬಂದ್ರೆ ನಮ್ಮೂರಲ್ಲಿ ಕಾರುಗಳ ಸಾಲು ಹೇಗಿರುತ್ತೆ ಗೊತ್ತಲ್ಲ, ಹಾಗಾಗಿ ಗೌಜಿ ಅಂದ್ರೆ ನನಗೆ ಆಗಲ್ಲ, ಜನ ಇಷ್ಟಪಡೋರು ನನ್ನ ಮಾತನ್ನ ಸ್ವಲ್ಪ ಕಡಿಮೆ ಮಾಡ್ಕೊಂಡು ಓದ್ಕೊಳ್ಳಿ.

ಬಸ್ಸಿನ ವಿಷಯ. ಅಮ್ಮನ ಮಂಡಿಗೆ ಮುಂದಿನ ಸೀಟು ಬೇಕು ಅಂತ ಮೊದಲೇ ಹೇಳಿದ್ವಿ, ಆಯ್ತು ಅಂದಿದ್ರು, ಮಡಿಕೇರಿಯಲ್ಲಿ ಹತ್ತೋವಾಗ ನೋಡಿದ್ರೆ ಕೊನೆ ಸಾಲು. ಕಿಟಕಿ ಗಾಜು ಅರ್ಧಕ್ಕೆ ಸಿಕ್ಕಾಕೊಂಡು ಮೇಲೂ ಹೋಗಲ್ಲ ಕೆಳಗೂ ಬರಲ್ಲ, ಬೆಳಗ್ಗೆ ಆರೂವರೆ ಚಳಿ, ಇಬ್ಬನಿ ನೇರ ಮುಖಕ್ಕೆ. ಮದೆನಾಡು ದಾಟಿ ತಿರುವು ಶುರು ಆಗಿದ್ದೇ ಮಗಳು ವಾಂತಿ, ಅವಳನ್ನ ನೋಡಿ ಮುಂದಿನ ಸೀಟಿನ ಹುಡುಗ ವಾಂತಿ, ಒಂದು ನಿಮಿಷ ನಿಲ್ಸಿ ಅಂದ್ರೆ ಸಂಪಾಜೆಯಲ್ಲೇ ನಿಲ್ಸೋದು ಅಂದ್ರು. ಕೊನೆಗೆ ಸುಳ್ಯ ದಾಟಿದ ಮೇಲೆ ಅವರಿಗೆ ಬೇಕಾದ ಒಂದು ಹೋಟೆಲಲ್ಲಿ ಅರ್ಧ ಗಂಟೆ ನಿಲ್ಸಿದ್ರು, ಅಲ್ಲಿ ಇಡ್ಲಿ ತಣ್ಣಗೆ, ಟಾಯ್ಲೆಟ್ಟಿಗೆ ನೀರಿಲ್ಲ. ನಾಲ್ಕು ಗಂಟೆ ದಾರಿ ಐದೂವರೆ ಗಂಟೆ ಆಯ್ತು. ಅಮ್ಮ ಇಳಿಯೋವಾಗ ಮಂಡಿ ಹಿಡ್ಕೊಂಡು ಮೆಟ್ಟಲ ಮೇಲೇ ಎರಡು ನಿಮಿಷ ನಿಂತ್ರು, ಅದನ್ನ ನೋಡಿ ನಂಗೆ ತುಂಬಾ ಬೇಜಾರಾಯ್ತು. ವಯಸ್ಸಾದೋರು ಜೊತೆಗಿದ್ರೆ ದುಡ್ಡು ಹೋದ್ರೆ ಹೋಗ್ಲಿ, ನಾಲ್ಕೈದು ಜನ ಸೇರಿ ಕಾರೇ ಮಾಡಿ. ಕಾರಲ್ಲಿ ಹೋದ್ರೆ ಕಲ್ಲಡ್ಕದಲ್ಲಿ ಇಳಿದು ಕೇಟಿ ಕುಡಿಯೋಕೂ ಆಗುತ್ತೆ, ಗಾಜಿನ ಲೋಟದಲ್ಲಿ ಕೆಳಗೆ ಹಾಲು ಮೇಲೆ ಡಿಕಾಕ್ಷನ್ ಬೇರೆ ಬೇರೆ ನಿಂತಿರುತ್ತೆ. ನಮ್ಮ ಬಸ್ಸು ಅದರ ಮುಂದೇನೇ ಹೋಯ್ತು, ನಿಲ್ಲಿಸ್ಲಿಲ್ಲ. ಮಳೆಗಾಲದಲ್ಲಿ ಮಾತ್ರ ಈ ದಾರಿ ಬೇಡ. 2018ರ ಆಗಸ್ಟಲ್ಲಿ ಜೋಡುಪಾಲದಲ್ಲಿ ಗುಡ್ಡ ಜಾರಿದ್ದು ನಮ್ಮವರು ಯಾರೂ ಮರೆತಿಲ್ಲ, ಆಮೇಲೂ ಜೋರು ಮಳೆ ಬಂದಾಗ ರಾತ್ರಿ ಗಾಡಿ ಬಿಡದೇ ಇದ್ದದ್ದುಂಟು.

ಈಗ ಆ ರೂಮು. ಫೋನಲ್ಲಿ ನೋಡಿದ ಫೋಟೋದಲ್ಲಿ ಮಂಚದಿಂದಲೇ ಅಲೆ ಕಾಣ್ತಿತ್ತು. ಹೋಗಿ ನೋಡಿದ್ರೆ ನಮ್ಮ ಕಿಟಕಿ ತೆರೆದ್ರೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದ್ರೆ ಮುಟ್ಟಬಹುದು. ಸಮುದ್ರ ಎಲ್ರೀ ಅಂತ ಕೇಳಿದ್ರೆ ಟೆರೇಸಿಗೆ ಹೋಗಿ ಸಾರ್ ಅಂದ. ಮೂರು ಮಹಡಿ, ಲಿಫ್ಟ್ ಇಲ್ಲ, ಅಮ್ಮ ಹತ್ತೋದು ಹೇಗೆ? ಎಕ್ಸ್‌ಟ್ರಾ ಬೆಡ್ಡಿಗೆ 800 ಅಂತ ಅಲ್ಲಿ ಹೋದ್ಮೇಲೆ ಹೇಳಿದ್ರು, ಆ ಬೆಡ್ಡು ಅಂದ್ರೆ ಒಂದು ತೆಳ್ಳಗಿನ ಹಾಸಿಗೆ, ಅದ್ರಲ್ಲೂ ಮರಳು. ರಾತ್ರಿ ಕರೆಂಟ್ ಹೋಯ್ತು, ಜನರೇಟರ್ ಲೈಟಿಗೆ ಮಾತ್ರ ಅಂತೆ ಫ್ಯಾನಿಗಿಲ್ಲ, ನಮ್ಮ ತೋಟದ ಚಳಿಯಲ್ಲಿ ಬೆಳೆದೋರಿಗೆ ಕರಾವಳಿ ಸೆಕೆಯಲ್ಲಿ ಫ್ಯಾನ್ ಇಲ್ದೆ ನಿದ್ದೆ ಹೇಗೆ ಬರುತ್ತೆ ಹೇಳಿ. ಎರಡು ರಾತ್ರಿಗೆ ಮಾಡಿದ್ದ ಬುಕಿಂಗ್, ಬೆಳಗ್ಗೆನೇ ಬಿಟ್ಟು ಹೊರಟ್ವಿ, ಎರಡನೇ ದಿನದ ದುಡ್ಡು ಎಷ್ಟು ಕೇಳಿದ್ರೂ ಬರ್ಲಿಲ್ಲ. ನೀವು ಹೋಗೋದಾದ್ರೆ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿ: ನನ್ನ ರೂಮಿನ ಕಿಟಕಿಯಿಂದ ಏನು ಕಾಣುತ್ತೆ, ಎಷ್ಟನೇ ಮಹಡಿ, ಕರೆಂಟ್ ಹೋದ್ರೆ ಫ್ಯಾನ್ ತಿರುಗುತ್ತಾ. ಉತ್ತರ ಸರಿಯಾಗಿ ಕೊಡ್ಲಿಲ್ಲ ಅಂದ್ರೆ ಬಿಟ್ಬಿಡಿ. ಆಮೇಲೆ ನಾವು ಹಂಪನಕಟ್ಟೆ ಹತ್ರ ಒಂದು ಹಳೇ ಲಾಡ್ಜಲ್ಲಿ ಉಳಿದ್ವಿ, ನಾಲ್ಕು ಜನಕ್ಕೆ 1,500, ನೆಲ ಒರೆಸಿ ಶುಚಿಯಾಗಿತ್ತು, ಕೆಳಗಿನ ಮಹಡಿ. ಸ್ಟೇಟ್ ಬ್ಯಾಂಕ್ ಅಂತ ಹೇಳ್ತಾರಲ್ಲ ಆ ಸಿಟಿ ಬಸ್ ಸ್ಟ್ಯಾಂಡು ಅಲ್ಲಿಂದ ಪಕ್ಕದಲ್ಲೇ, ಬೀಚ್ ಕಡೆಗೆಲ್ಲ ಅಲ್ಲಿಂದ್ಲೇ ಬಸ್ಸು.

ಎರಡನೇ ದಿನ ಸುಲ್ತಾನ್ ಬತ್ತೇರಿಗೆ ಹೋದ್ವಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಬುರುಜು, ಹೊಳೆಯೊಳಗೆ ಯುದ್ಧದ ಹಡಗು ನುಗ್ಗದ ಹಾಗೆ ನೋಡ್ಕೊಳ್ಳೋಕೆ. ಹತ್ತು ನಿಮಿಷದಲ್ಲಿ ನೋಡಿ ಮುಗಿಯುತ್ತೆ. ನಿಜವಾದ ಸಂಗತಿ ಅದರ ಪಕ್ಕದ ಕಡವಲ್ಲಿದೆ. ಅಲ್ಲಿಂದ ತಣ್ಣೀರುಬಾವಿಗೆ ದೋಣಿ ಹೋಗುತ್ತೆ. ಟೂರಿಸ್ಟ್ ಬೋಟ್ ಅಲ್ಲ, ಆಚೆ ದಡದ ಜನ ದಿನಾ ಓಡಾಡೋ ದೋಣಿ, ಬೈಕುಗಳನ್ನೂ ಹತ್ತಿಸ್ತಾರೆ, ನಮ್ಮ ಜೊತೆ ಸ್ಕೂಲ್ ಬ್ಯಾಗಿನ ಮಕ್ಕಳು, ಗ್ಯಾಸ್ ಸಿಲಿಂಡರ್ ಹಿಡ್ಕೊಂಡ ಒಬ್ರು, ಮೀನಿನ ಬುಟ್ಟಿ ಇಟ್ಕೊಂಡ ಇಬ್ರು ಹೆಂಗಸರು. ಅಮ್ಮನನ್ನ ನೋಡಿ ಒಂದು ಹುಡುಗ ಕೇಳದೇನೇ ಕೈ ಕೊಟ್ಟು ಹತ್ತಿಸಿ ಹಲಗೆ ಮೇಲೆ ಕೂರಿಸಿದ.

ನೀವು ಮ್ಯಾಪ್ ತೆಗೆದು ನೋಡಿ, ಈ ಜಾಗ ಎಂಥಾ ವಿಚಿತ್ರ ಅಂತ ಗೊತ್ತಾಗುತ್ತೆ. ಗುರುಪುರ ಹೊಳೆ, ಫಲ್ಗುಣಿ ಅಂತಲೂ ಹೇಳ್ತಾರೆ, ಸಮುದ್ರದ ಪಕ್ಕಕ್ಕೇ ಬಂದು ಒಳಗೆ ಬೀಳದೆ ದಕ್ಷಿಣಕ್ಕೆ ತಿರುಗಿ ಅದರ ಜೊತೆಗೇ ಹರಿಯುತ್ತೆ, ಆ ಕಡೆಯಿಂದ ನೇತ್ರಾವತಿ ಬರುತ್ತೆ, ಎರಡೂ ಸೇರಿ ಬೆಂಗ್ರೆ ತುದಿಯಲ್ಲಿ ಅಳಿವೆ ಬಾಗಿಲಿಂದ ಸಮುದ್ರಕ್ಕೆ. ಹೊಳೆಗೂ ಸಮುದ್ರಕ್ಕೂ ಮಧ್ಯೆ ಉಳಿದಿರೋದು ಒಂದು ಕಿರಿದಾದ ಮರಳಿನ ಪಟ್ಟಿ, ಅದೇ ತಣ್ಣೀರುಬಾವಿ, ಬೆಂಗ್ರೆ. ನಂಗೆ ದೋಣಿಯಲ್ಲಿ ಕೂತಾಗ ಇನ್ನೊಂದು ವಿಷಯ ಹೊಳೀತು. ನಮ್ಮ ಮಲ್ಲಳ್ಳಿ ಫಾಲ್ಸಲ್ಲಿ ಬೀಳೋದು ಕುಮಾರಧಾರೆ. ಅದು ಸುಬ್ರಹ್ಮಣ್ಯಕ್ಕೆ ಹೋಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ, ಕೊನೆಗೆ ಇದೇ ಅಳಿವೆಗೆ ಬರುತ್ತೆ. ಕಾವೇರಿ ಪೂರ್ವಕ್ಕೆ ಹೋಗೋದನ್ನೇ ಕೇಳಿ ಬೆಳೆದವರು ನಾವು, ನಮ್ಮ ಮನೆ ಹಿಂದಿನ ತೋಡಿನ ನೀರು ಮಾತ್ರ ಈ ಕಡೆ ಬರೋದು. ಮಗಳಿಗೆ ಹೇಳಿದೆ, ಅವಳು ಆ ನೀರು ಎಷ್ಟು ದಿನಕ್ಕೆ ಇಲ್ಲಿಗೆ ಮುಟ್ಟುತ್ತೆ ಅಂತ ಕೇಳ್ತಾ ದಡ ಬರೋವರೆಗೂ ಕೈಯನ್ನ ನೀರಲ್ಲೇ ಬಿಟ್ಕೊಂಡಿದ್ಲು. ಹಾಗೆ ಕೈ ಬಿಡೋಕೆ ದೋಣಿಯವರು ಬಿಡಲ್ಲ, ಒಂದೆರಡು ಸಲ ಬೈದ್ರು, ಮಕ್ಕಳನ್ನ ಕರ್ಕೊಂಡು ಹೋಗೋರು ನೋಡ್ಕೊಳ್ಳಿ.

ಆಚೆ ಇಳಿದ್ರೆ ಗಾಳಿಮರದ ತೋಪು, ಅರಣ್ಯ ಇಲಾಖೆಯ ಟ್ರೀ ಪಾರ್ಕ್ ಇದೆ, ನೆರಳು ಚೆನ್ನಾಗಿದೆ. ಅಮ್ಮ ಅಲ್ಲೇ ಕೂತ್ರು. ಬೀಚಲ್ಲಿ ಬೆಳಗ್ಗೆ ಒಂಬತ್ತಕ್ಕೆ ನಾವು ಬಿಟ್ರೆ ಬಲೆ ಸರಿ ಮಾಡ್ತಿದ್ದ ನಾಲ್ಕು ಜನ ಅಷ್ಟೇ. ಮರಳ ಮೇಲೆ ಅಡಂಬು ಬಳ್ಳಿ ನೇರಳೆ ಹೂ ಬಿಟ್ಟು ಹಬ್ಬಿತ್ತು, ಅದನ್ನ ಕೀಳ್ಬೇಡಿ, ಮರಳು ಹಿಡಿದು ನಿಲ್ಸೋದೇ ಅದು. ನೀರಿಗಿಳಿಯೋದು ಮಾತ್ರ ಮಂಡಿವರೆಗೆ ಸಾಕು. ನಮ್ಮವರು ಕೆರೆಯಲ್ಲಿ ಈಜು ಕಲ್ತು ಸಮುದ್ರದಲ್ಲೂ ಹಾಗೇ ಅಂದ್ಕೋತಾರೆ, ಇಲ್ಲಿ ಒಳಸೆಳೆತ ಕಾಲ ಕೆಳಗಿನ ಮರಳನ್ನೇ ಎಳ್ಕೊಂಡು ಹೋಗುತ್ತೆ, ನಿಂತಲ್ಲೇ ನಂಗೆ ಅನುಭವ ಆಯ್ತು. ಸೋಮೇಶ್ವರದ ಬಂಡೆ ಹತ್ರವಂತೂ ನೀರಿಗೆ ಇಳೀಲೇಬೇಡಿ, ದೇವಸ್ಥಾನ ನೋಡಿ, ಬಂಡೆ ಮೇಲಿಂದ ಸೂರ್ಯಾಸ್ತ ನೋಡಿ, ವಾಪಸ್ ಬನ್ನಿ.

ಇನ್ನು ಊಟ. ದೋಣಿ ಇಳಿದ ಜಾಗದಿಂದ ಐದು ನಿಮಿಷ ನಡೆದ್ರೆ ತಗಡು ಶೀಟ್ ಹೊದಿಸಿದ ಒಂದು ಮನೆ, ಮುಂದೆ ಎರಡು ಬೆಂಚು, ಬೋರ್ಡ್ ಇಲ್ಲ. ಹೊಸ್ತಿಲ ಹತ್ರ ಒಬ್ರು ಅಕ್ಕ ಮೆಟ್ಟುಗತ್ತಿ ಮೇಲೆ ಕೂತು ಮರುವಾಯಿ ಒಡೀತಿದ್ರು. ನೇತ್ರಾವತಿಯಲ್ಲಿ ನೀರಿಳಿದಾಗ ಜನ ಸೊಂಟದವರೆಗೆ ನೀರಲ್ಲಿ ನಿಂತು ಹೆಕ್ಕೋ ಚಿಪ್ಪು ಅದು. ಒಂದೊಂದೇ ಎತ್ತಿ ಬಾಯಿ ಕಡೆ ಕತ್ತಿಗೆ ಒತ್ತಿದ್ರೆ ಟಕ್ ಅಂತ ಎರಡು ಹೋಳು, ಮಾಂಸ ಇರೋ ಹೋಳು ಪಾತ್ರೆಗೆ, ಖಾಲಿ ಹೋಳು ಅಂಗಳಕ್ಕೆ, ಒಳಗಿಂದ ಸುರಿಯೋ ನೀರನ್ನ ಕೆಳಗೆ ಬೇರೆ ಬಟ್ಟಲಲ್ಲಿ ಹಿಡೀತಿದ್ರು. ಅದ್ಯಾಕಕ್ಕಾ ಅಂತ ಕೇಳಿದೆ. ಸಾರಿಗೆ ಅದನ್ನೇ ಸೋಸಿ ಹಾಕೋದು, ರುಚಿ ಎಲ್ಲ ಅದ್ರಲ್ಲೇ, ಉಪ್ಪು ಆಮೇಲೆ ನೋಡಿ ಹಾಕ್ಬೇಕು ಅಂದ್ರು. ಊಟ ಸಿಗುತ್ತಾ ಅಂದ್ರೆ ಒಂದು ಗಂಟೆಗೆ ಬನ್ನಿ ಅಂದ್ರು. ಹೋದ್ವಿ.

ಮರುವಾಯಿ ಪುಂಡಿ ಕೊಟ್ರು. ಪುಂಡಿ ಅಂದ್ರೆ ನಮ್ಮ ಕಡಂಬಟ್ಟು ಇದೆಯಲ್ಲ ಅದೇ, ಅಕ್ಕಿ ತರಿ ಬೇಯಿಸಿ ಉಂಡೆ ಕಟ್ಟೋದು, ಇಲ್ಲಿ ಗಾತ್ರ ಚಿಕ್ಕದು, ಮೇಲಾಗಿ ಬೇರೆ ಬಡಿಸದೆ ಮರುವಾಯಿ ಸಾರಲ್ಲೇ ಕುದಿಸಿರ್ತಾರೆ. ಹುರಿದ ತೆಂಗಿನಕಾಯಿ, ಕೊತ್ತಂಬರಿ ಬೀಜದ ಮಸಾಲೆ ಉಂಡೆ ಒಳಗೆಲ್ಲಾ ಇಳಿದಿತ್ತು. ನಾವು ಕಡಂಬಟ್ಟಿಗೆ ಪಂದಿ ಕರಿ, ಅಂದ್ರೆ ಹಂದಿ ಮಾಂಸದ ಸಾರು ಬಿಟ್ಟು ಬೇರೆ ಜೋಡಿ ಇಲ್ಲ ಅಂತ ನಂಬ್ಕೊಂಡಿದ್ದವರು, ಅಮ್ಮ ಎರಡನೇ ಸಲ ಕೇಳಿ ಹಾಕಿಸ್ಕೊಂಡ್ರು. ಆಮೇಲೆ ಕುಚ್ಚಲಕ್ಕಿ ಅನ್ನ, ಬೂತಾಯಿ ಮೀನಿನ ಹುಳಿ ಖಾರದ ಪುಳಿಮುಂಚಿ, ಒಂದೊಂದು ಬಂಗುಡೆ ಫ್ರೈ. ಬಂಗುಡೆ ನಮ್ಮೂರಿಗೂ ಐಸಲ್ಲಿ ಬರುತ್ತೆ, ಆದ್ರೆ ಇದು ಬೆರಳು ಒತ್ತಿದ್ರೆ ವಾಪಸ್ ಎದ್ದು ಬರೋಷ್ಟು ಫ್ರೆಶ್. ಕೊನೆಗೆ ಪುನರ್ಪುಳಿ (ಕೋಕಂ) ಸಾರು ಲೋಟದಲ್ಲಿ. ನಾಲ್ಕು ಜನಕ್ಕೆ ಒಟ್ಟು 520 ರೂಪಾಯಿ. ಹಿಂದಿನ ರಾತ್ರಿ ಬೀಚ್ ಹೋಟೆಲಲ್ಲಿ ಒಂದೇ ಪಾಂಫ್ರೆಟ್ಟಿಗೆ 650 ಕೊಟ್ಟಿದ್ವಿ, ಅದೂ ವಾಸನೆ ಬರ್ತಿತ್ತು. ಅಕ್ಕನ ಹತ್ರ ಮುಂಚೆನೇ ಹೋಗಿ ಎಷ್ಟು ಜನ ಅಂತ ಹೇಳಿ ಬನ್ನಿ, ಹೇಳದೆ ಹೋದ್ರೆ ಖಾಲಿ ಆಗಿರುತ್ತೆ, ಮತ್ತೆ ಮಧ್ಯಾಹ್ನದ ಬಿಸಿಲಲ್ಲಿ ಶೀಟಿನ ಕೆಳಗೆ ಸೆಕೆ ಜೋರು, ಒಂದು ಟವೆಲ್ ಇರ್ಲಿ. ದೋಣಿ ಇಳಿಯೋವಾಗಲೇ ವಾಪಸ್ ಕೊನೆ ದೋಣಿ ಎಷ್ಟೊತ್ತಿಗೆ ಅಂತಲೂ ಕೇಳ್ಕೊಳ್ಳಿ, ತಪ್ಪಿದ್ರೆ ಪಣಂಬೂರು ಕಡೆಯಿಂದ ಸುತ್ತಿ ಬರ್ಬೇಕು.

ಸಸಿಹಿತ್ಲಿಗೂ ಹೋಗಿದ್ವಿ, ಹಳೆಯಂಗಡಿಯಿಂದ ಒಳಗೆ. ಶಾಂಭವಿ ನಂದಿನಿ ಎರಡು ಹೊಳೆ ಸೇರಿ ಸಮುದ್ರಕ್ಕೆ ಬೀಳೋ ಜಾಗ, ಸರ್ಫಿಂಗ್ ಸ್ಪರ್ಧೆಗಳೂ ಅಲ್ಲಿ ನಡೆದಿವೆ. ತುಂಬಾ ಚಂದದ ಜಾಗ, ಆದ್ರೆ ಕಯಾಕ್ ವಿಷಯದಲ್ಲಿ ಮೋಸ ಹೋದ್ವಿ. ಒಂದು ಗಂಟೆಗೆ ಅಂತ ತಲೆಗೆ 500 ತಗೊಂಡ್ರು, ಕಾಂಡ್ಲಾ (ಮ್ಯಾಂಗ್ರೋವ್) ಕಾಡೊಳಗೆ ಕರ್ಕೊಂಡು ಹೋಗ್ತೀವಿ ಅಂದ್ರು. ನಾವು ಹೋದಾಗ ನೀರು ಇಳಿತ, ಕಾಂಡ್ಲಾ ಬೇರುಗಳೆಲ್ಲ ಕೆಸರಿಂದ ಮೇಲೆ ನಿಂತಿದ್ವು, ಕಯಾಕ್ ತಳ ಕೆಸರಿಗೆ ತಾಗಿ ಮುಂದಕ್ಕೇ ಹೋಗಲ್ಲ. ಇಪ್ಪತ್ತು ನಿಮಿಷ ಗುದ್ದಾಡಿ ವಾಪಸ್. ದಿನಾ ಅಲ್ಲೇ ಇರೋರಿಗೆ ಇದು ಗೊತ್ತಿರಲ್ವಾ? ದುಡ್ಡು ತಗೊಳ್ಳೋ ಮುಂಚೆ ಹೇಳ್ಬೇಕಿತ್ತು. ಸಮುದ್ರದ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತೆ, ಆ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ಆ ದಿನದ ಭರತ, ಅಂದ್ರೆ ನೀರು ಪೂರ್ತಿ ಏರೋದು, ಎಷ್ಟೊತ್ತಿಗೆ ಅಂತ ಮೀನು ಹಿಡಿಯೋರನ್ನ ಯಾರನ್ನಾದ್ರೂ ಕೇಳಿ, ಬಾಯಲ್ಲೇ ಹೇಳ್ತಾರೆ, ಕಾಂಡ್ಲಾ ಒಳಗೆ ಹೋಗೋದಾದ್ರೆ ಆ ಹೊತ್ತಿಗೇ ಹೋಗಿ.

ಪಣಂಬೂರು ಭಾನುವಾರ ಸಂಜೆ ಬೇಡ, ಕಾಲಿಡೋಕೆ ಜಾಗ ಇರಲ್ಲ. ಪಿಲಿಕುಳ ನಿಸರ್ಗಧಾಮಕ್ಕೆ ಸೋಮವಾರ ಹೋಗ್ಬೇಡಿ, ರಜೆ. ಜೂನ್ ಜುಲೈಯಲ್ಲಂತೂ ಈ ಕಡೆ ಬರೋದೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ತಾಜಾ ಮೀನು ಕಮ್ಮಿ, ಸಮುದ್ರಕ್ಕೆ ಇಳಿಯೋಕೂ ಆಗಲ್ಲ. ಡಿಸೆಂಬರಿಂದ ಫೆಬ್ರವರಿವರೆಗೆ ಸರಿ, ಮಾರ್ಚ್ ಆದ್ಮೇಲೆ ಆ ಸೆಕೆ ನಮ್ಮವರಿಗೆ ತಡೆಯಲ್ಲ.

ಹೊರಡೋ ದಿನ ಬೆಳಗ್ಗೆ ಮೀನಿನ ದೋಣಿಗಳು ಬಂದು ನಿಲ್ಲೋ ಬಂದರ್ ದಕ್ಕೆಗೆ ಹೋಗಿ. ಹರಾಜು ಕೂಗೋ ಕಡೆ ಬುಟ್ಟಿಗಟ್ಲೆ ಮಾರ್ತಾರೆ, ನಮ್ಮಂಥವರಿಗೆ ಹೊರಗಡೆ ಕೂತಿರೋ ಹೆಂಗಸರ ಹತ್ರ ಕಿಲೋ ಲೆಕ್ಕ ಸಿಗುತ್ತೆ. ಕಿವಿರು ಎತ್ತಿ ಕೆಂಪಗಿದ್ಯಾ ನೋಡಿ. ಥರ್ಮಾಕೋಲ್ ಡಬ್ಬಿ, ಪುಡಿ ಐಸು ಅಲ್ಲೇ ಸಿಗುತ್ತೆ, ಕೆಳಗೊಂದು ಪದರ ಮೇಲೊಂದು ಪದರ ಹಾಕಿಸಿ ಟೇಪ್ ಸುತ್ತಿಸಿ, ಕೆಳಗೆ ನೀರು ಸೋರದ ಹಾಗೆ ಎರಡು ಪ್ಲಾಸ್ಟಿಕ್ ಕವರ್. ವಾಪಸ್ ನಾವು ಕಾರ್ ಮಾಡ್ಕೊಂಡೇ ಬಂದ್ವಿ, ಅಮ್ಮ ಮುಂದಿನ ಸೀಟಲ್ಲಿ ಕಾಲು ಚಾಚಿ ಕೂತು ಕೊಯನಾಡು ಬರೋಷ್ಟ್ರಲ್ಲಿ ನಿದ್ದೆ. ಮನೆ ಮುಟ್ಟಿದಾಗ ರಾತ್ರಿ ಎಂಟು, ಐಸು ಅರ್ಧ ಕರಗಿತ್ತು, ಬಂಗುಡೆ ಗಟ್ಟಿಯಾಗೇ ಇತ್ತು. ಅಮ್ಮ ಸೀರೆ ಕೂಡ ಬದಲಾಯಿಸದೆ ಅಡುಗೆಮನೆಗೆ ಹೋಗಿ ನಮ್ಮ ಕೊಡಗಿನ ಹುಳಿ, ಕಾಚಂಪುಳಿ ಬಾಟ್ಲಿ ಇಳಿಸಿದ್ರು.