ಊಟಿ ರೈಲು ಮತ್ತು ಅಮ್ಮ

ಸಂಜೆ ಕಾಫಿ ಹೊತ್ತಿಗೆ ಬೇಸಿಗೆ ರಜೆಯ ಮಾತು ಬಂತು. ಮಕ್ಕಳು ಊಟಿ ಅಂದರು. ಅಮ್ಮ ಕೇಳಿದ್ದು ಒಂದೇ, "ಆ ಪುಟ್ಟ ರೈಲು ಹತ್ತಿಸ್ತೀಯೇನೋ?"

ಬೆಟ್ಟದ ಬುಡದ ಮೆಟ್ಟುಪಾಳ್ಯದಿಂದ ಊಟಿಗೆ 46 ಕಿಲೋಮೀಟರ್. ಕಲ್ಲಾರ್ ದಾಟಿ ಕೂನೂರಿನವರೆಗೆ ಎರಡು ಹಳಿಗಳ ನಡುವೆ ಹಲ್ಲಿರುವ ಪಟ್ಟಿ ಹಾಕಿದ್ದಾರೆ. ಇಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡೇ ಮೇಲೆ ಹತ್ತುತ್ತದೆ. ಅದೂ ಮುಂದೆ ನಿಂತು ಎಳೆಯುವುದಿಲ್ಲ, ಹಿಂದಿನಿಂದ ಬೋಗಿಗಳನ್ನು ತಳ್ಳುತ್ತದೆ. ಎಂಥಾ ಚೆಂದ ಅಲ್ವಾ!

ಆದರೆ ನಾವು ಮೈಸೂರಿನವರು. ರೈಲಿಗೋಸ್ಕರ ಮೆಟ್ಟುಪಾಳ್ಯದವರೆಗೂ ಇಳಿದರೆ ಅಮ್ಮನ ಮಂಡಿಗೆ ಕಷ್ಟ. ಕೂನೂರಿನಿಂದ ಊಟಿಗೆ ಹತ್ತಿದರೆ ಸಾಕು. ವೆಲ್ಲಿಂಗ್ಟನ್, ಕೇತಿ, ಲವ್‌ಡೇಲ್, ದಾರಿಯುದ್ದಕ್ಕೂ ಹಸಿರು.

ದೊಡ್ಡಬೆಟ್ಟ, ಬೋಟಿಂಗು, ಪೈಕಾರ ಎಲ್ಲ ಒಂದೇ ದಿನಕ್ಕೆ ತುರುಕುವ ಆಸೆ ಬಿಟ್ಟಿದ್ದೇನೆ. ಮನೆಯಲ್ಲಿ ಯಾರು ನಿಧಾನವೋ ಅವರ ನಡಿಗೆಗೆ ಪ್ಲಾನ್ ಮಾಡಿದರೇನೇ ಅದು ಎಲ್ಲರ ರಜೆ ಅನ್ನಿಸುತ್ತದೆ. ಬೊಟಾನಿಕಲ್ ಗಾರ್ಡನ್ನಿನ ಹುಲ್ಲಿನ ಮೇಲೆ ಸುಮ್ನೆ ಕೂತರೂ ಆಯ್ತು. ಮೇ ತಿಂಗಳ ಫ್ಲವರ್ ಶೋಗೆ ಜನ ಜಾಸ್ತಿ, ಹಾಗಾಗಿ ಏಪ್ರಿಲ್‌ನಲ್ಲೇ ಹೊರಡುವುದು.

ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ಅದಕ್ಕೆ ತಕ್ಕಂತೆ ಹೊರಡುವ ಹೊತ್ತು ನೋಡಿ ಬುತ್ತಿ ಕಟ್ಟಬೇಕು. ಊಟಿ ಇರುವ ನೀಲಗಿರಿ ಜಿಲ್ಲೆಗೆ ಕಾರು ಒಯ್ಯಲು ಇ-ಪಾಸ್, ಅಂದರೆ ಆನ್‌ಲೈನ್ ಅನುಮತಿ, ಮಾಡಿಸಬೇಕು. ನೀರಿಗೆ ಸ್ಟೀಲ್ ಬಾಟಲಿಯೇ, ಅಲ್ಲಿ ಪ್ಲಾಸ್ಟಿಕ್ ಬಾಟಲಿ ಬಿಡುವುದಿಲ್ಲ.

ಇತ್ತೀಚೆಗೆ ಹೋಗಿಬಂದವರು ಇದ್ದರೆ ಹೇಳಿ, ಕೂನೂರು ಸ್ಟೇಷನ್ ಹತ್ತಿರ ಕಾರು ನಿಲ್ಲಿಸಲು ಜಾಗ ಸಿಗುತ್ತಾ?