ಫ್ಯಾನ್ ತಿರುಗುತ್ತೆ, ಕಂಪ್ಯೂಟರ್ ಮಾತ್ರ ಏಳಲ್ಲ

ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ಕರೆಂಟು ಹೋಗೋದು ಬರೋದು ಹೊಸದೇನಲ್ಲ, ಹಂಗೆ ಹೋಗಿ ಬಂದ ಒಂದು ದಿನ ನಮ್ಮ ಭಾವನ ಡಿಟಿಪಿ ಅಂಗಡಿ ಡೆಸ್ಕ್‌ಟಾಪ್ ಏಳ್ಲೇ ಇಲ್ಲ. ಬಟನ್ ಒತ್ತಿದ್ರೆ ಫ್ಯಾನೆಲ್ಲಾ ಗರ್ರ್ ಅಂತ ತಿರುಗುತ್ತೆ, ತಕ್ಷಣ ನಿಂತೋಗುತ್ತೆ, ತಾನಾಗೇ ಮತ್ತೆ ತಿರುಗುತ್ತೆ, ಮತ್ತೆ ನಿಲ್ಲುತ್ತೆ. ಬೀಪ್ ಇಲ್ಲ, ಡಿಸ್‌ಪ್ಲೇ ಇಲ್ಲ. ಪೇಟೇಲಿ ರಿಪೇರಿಯವನು ಎಸ್‌ಎಂಪಿಎಸ್ (ಗೋಡೆ ಕರೆಂಟನ್ನ ಕಂಪ್ಯೂಟರಿಗೆ ಬೇಕಾದ ಕಮ್ಮಿ ವೋಲ್ಟಿಗೆ ಇಳಿಸೋ ಪವರ್ ಡಬ್ಬ) ಬಿಚ್ಚಿ, 24 ಪಿನ್ ಕನೆಕ್ಟರ್‌ನ ಹಸಿರು ವೈರಿಗೂ ಕಪ್ಪು ವೈರಿಗೂ ಒಂದು ಕ್ಲಿಪ್ ಸಿಕ್ಸಿ ಫ್ಯಾನ್ ತಿರುಗೋದು ತೋರಿಸಿ, "ಇದು ಸರಿ ಇದೆ, ಮದರ್‌ಬೋರ್ಡೇ ಹೋಗಿರೋದು, ಹೊಸಾ ಸೆಟ್ ತಗೊಳಿ" ಅಂದ್ನಂತೆ. ಭಾವ ಫೋನ್ ಮಾಡಿ "ಮಾರಾಯ, ಇಷ್ಟು ಹಳೇದಕ್ಕೆ ಬೋರ್ಡ್ ಸಿಗುತ್ತೇನೋ" ಅಂತ ಕೇಳ್ದಾಗ ನಂಗೆ ಸಿಟ್ಟೇ ಬಂತು.

ಯಾಕಂದ್ರೆ ಆ ಟೆಸ್ಟಿಂದ ಗೊತ್ತಾಗೋದು ಎಸ್‌ಎಂಪಿಎಸ್ ಪೂರ್ತಿ ಸತ್ತಿಲ್ಲ ಅಂತ ಅಷ್ಟೇ. ಲೋಡೇ ಇಲ್ದೆ ಒಂದು ಫ್ಯಾನ್ ತಿರುಗಿಸೋದೇನು ದೊಡ್ಡ ವಿಷ್ಯ, ಖಾಲಿ ಗಾಡಿ ಎಂಥಾ ಎತ್ತಾದ್ರೂ ಎಳೆಯುತ್ತೆ.

ಮೊದ್ಲು ಖರ್ಚಿಲ್ಲದ್ದೆಲ್ಲ ನೋಡ್ದೆ. ಯುಪಿಎಸ್ ಬಿಟ್ಟು ಸೀದಾ ಗೋಡೆ ಪ್ಲಗ್ಗಿಗೆ ಹಾಕಿದ್ದು, ಪ್ರೊಸೆಸರ್ ಪಕ್ಕದ 4 ಪಿನ್ ಪವರ್ ಕನೆಕ್ಟರ್ ಒತ್ತಿ ನೋಡಿದ್ದು, ರ್‍ಯಾಮ್ ತೆಗೆದು ಚಿನ್ನದ ಬಣ್ಣದ ಕಾಲುಗಳನ್ನ ರಬ್ಬರ್‌ನಿಂದ ಉಜ್ಜಿ ಒಂದೇ ಸ್ಟಿಕ್ ಹಾಕಿದ್ದು. ಮಲೆನಾಡಿನ ಥಂಡಿಗೆ ಈ ರಬ್ಬರ್ ವಿದ್ಯೆಯಿಂದ್ಲೇ ಎಷ್ಟೋ ಕಂಪ್ಯೂಟರ್ ಎದ್ದಿರೋದು ಸುಳ್ಳಲ್ಲ, ಇಲ್ಲಿ ಮಾತ್ರ ಕೆಲಸ ಮಾಡ್ಲಿಲ್ಲ.

ಆಮೇಲೆ ಹಾರ್ಡ್‌ಡಿಸ್ಕು, ಡಿವಿಡಿ ಡ್ರೈವು, ಗ್ರಾಫಿಕ್ಸ್ ಕಾರ್ಡು ಎಲ್ಲಾ ತೆಗೆದು ಮಾನಿಟರ್ ಕೇಬಲ್ಲನ್ನ ಬೋರ್ಡಿಗೇ ಸಿಕ್ಸಿ ಬಟನ್ ಒತ್ತಿದೆ ನೋಡಿ, ಬಂತು ಡಿಸ್‌ಪ್ಲೇ! ಅಂದ್ರೆ ಬೋರ್ಡು, ಪ್ರೊಸೆಸರ್, ರ್‍ಯಾಮ್ ಮೂರೂ ಜೀವಂತ. ಕಾರ್ಡೇ ಶಾರ್ಟ್ ಆಗಿರ್ಬಹುದಾ ಅಂತ ಅದನ್ನ ಹೊರಗೇ ಇಟ್ಟು ಹಾರ್ಡ್‌ಡಿಸ್ಕೂ ಡಿವಿಡಿನೂ ಹಾಕಿದ್ರೆ ಆಗ್ಲೂ ಅದೇ ಕಥೆ, ಆನ್ ಆಫ್ ಆನ್ ಆಫ್. ಹಳದಿ ಕಪ್ಪು ವೈರಿಗೆ ಮಲ್ಟಿಮೀಟರ್ ಹಿಡ್ದೆ. ಹಳದಿ 12 ವೋಲ್ಟ್ ಲೈನು, ಶೇಕಡಾ 5 ಹೆಚ್ಚುಕಮ್ಮಿ ಆಗ್ಬಹುದು, ಅಂದ್ರೆ 11.4ಕ್ಕಿಂತ ಕೆಳಗೆ ಇಳೀಬಾರ್ದು. ಇಲ್ಲಿ ಹಾರ್ಡ್‌ಡಿಸ್ಕ್ ತಿರುಗೋಕೆ ಶುರುವಾದ ಕೂಡ್ಲೇ 10ರ ಹತ್ರ ಕುಸೀತಿತ್ತು. ಕಳ್ಳ ಸಿಕ್ಕಿಬಿದ್ದ, ಎಸ್‌ಎಂಪಿಎಸ್ಸೇ.

ಎಸ್‌ಎಂಪಿಎಸ್ ಜಾಲರಿಯೊಳಗೆ ಟಾರ್ಚ್ ಬಿಟ್ರೆ ಎರಡು ಕೆಪಾಸಿಟರ್ (ಕರೆಂಟು ಹಿಡಿದಿಟ್ಕೊಳ್ಳೋ ಪುಟ್ಟ ಡಬ್ಬಿಗಳು) ತಲೆ ಉಬ್ಬಿಸ್ಕೊಂಡು ಕೂತಿದ್ವು, ಬುಡದಲ್ಲಿ ಕಂದು ಬಣ್ಣದ ಅಂಟು ಸೋರಿತ್ತು. ಆ ಡಬ್ಬ ಬಿಚ್ಚೋಕೆ ಹೋಗ್ಬೇಡಿ, ಒಳಗಿನ ದೊಡ್ಡ ಕೆಪಾಸಿಟರಲ್ಲಿ 300 ವೋಲ್ಟಿಗೂ ಮೇಲೆ ಇರುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರ್ಬಹುದು.

ಹೊಸ ಎಸ್‌ಎಂಪಿಎಸ್ ಹಾಕಿ, ಬೋರ್ಡ್ ಮೇಲಿನ ಸೆಲ್ಲೂ 3 ವೋಲ್ಟಿಗಿಂತ ಬಹಳ ಕೆಳಗೆ ಬಂದಿದ್ದಕ್ಕೆ ಸಿಆರ್2032 ಅನ್ನೋ ಬಿಲ್ಲೆ ಸೆಲ್ ಒಂದು ತಂದು ಬದಲಾಯಿಸಿದ್ವಿ. ಆನ್ ಆಯ್ತು, ವಿಂಡೋಸ್ 7 ಲೋಗೋ ಬಂತು, ಫಕ್ಕಂತ ನೀಲಿ ಸ್ಕ್ರೀನು! ಭಾವನ ಮುಖ ನೋಡ್ಬೇಕಿತ್ತು, "ಹೋಯ್ತಲ್ಲೋ, ನುಡಿ ಫೈಲೆಲ್ಲ ಅದ್ರಲ್ಲೇ ಇದ್ವು".

ಇಲ್ಲೇ ಎಷ್ಟೋ ಜನ ಫಾರ್ಮ್ಯಾಟ್ ಹೊಡೆದುಬಿಡ್ತಾರೆ, ದಯವಿಟ್ಟು ಬೇಡ. ನೀಲಿ ಸ್ಕ್ರೀನಿನ ಕೋಡ್ ಕೊನೇಲಿ 7ಬಿ ಅಂತಿತ್ತು, ಅಂದ್ರೆ ವಿಂಡೋಸಿಗೆ ಬೂಟ್ ಡಿಸ್ಕ್ ಕೈಗೆ ಸಿಗ್ತಿಲ್ಲ ಅಂತ. ಸೆಲ್ ತೆಗೆದಾಗ ಬಯೋಸ್ (ವಿಂಡೋಸಿಗೂ ಮೊದ್ಲು ಏಳೋ ಬೋರ್ಡಿನದೇ ಪ್ರೋಗ್ರಾಂ) ಸೆಟ್ಟಿಂಗೆಲ್ಲ ಅಳಿಸಿಹೋಗಿ ಸಾಟಾ ಮೋಡ್, ಅಂದ್ರೆ ಬೋರ್ಡು ಹಾರ್ಡ್‌ಡಿಸ್ಕ್ ಜೊತೆ ಮಾತಾಡೋ ರೀತಿ, ಎಎಚ್‌ಸಿಐ ಇದ್ದದ್ದು ಹಳೇ ರೀತಿಯ ಐಡಿಇಗೆ ವಾಪಸ್ ಹೋಗಿತ್ತು. ಬಯೋಸಿಗೆ ಹೋಗಿ ಅದೊಂದನ್ನ ಮೊದ್ಲಿನಂತೆ ಮಾಡಿ, ತಾರೀಖು ಸರಿ ಮಾಡಿ, ಸೇವ್ ಕೊಟ್ಟೆ. ಡೆಸ್ಕ್‌ಟಾಪ್ ಬಂತು, ಯಾರ್‍ದೋ ಗೃಹಪ್ರವೇಶದ ಕಾರ್ಡು ಅರ್ಧ ಟೈಪ್ ಆಗಿದ್ದಲ್ಲೇ ಇತ್ತು.

ಖರ್ಚು ಬಿದ್ದಿದ್ದು ಎಸ್‌ಎಂಪಿಎಸ್‌ಗೂ ಸೆಲ್ಲಿಗೂ ಮಾತ್ರ. ಕೇಸ್ ಜೊತೆ ಫ್ರೀ ಬರೋ ಹಗುರ ಡಬ್ಬದ ಮೇಲೆ 450 ವ್ಯಾಟ್ ಅಂತ ಬರೆದಿದ್ರೂ ನಂಬ್ಬೇಡಿ, 12 ವೋಲ್ಟ್ ಲೈನಲ್ಲಿ ಎಷ್ಟು ಆಂಪ್ಸ್ ಅಂತ ಸ್ಟಿಕ್ಕರಲ್ಲಿ ಓದಿ ತಗೊಳಿ. ಭಾವ ಈಗ ಆ ರಿಪೇರಿಯವನ ಹತ್ರ ಜಗಳಕ್ಕೆ ಹೋಗ್ತೀನಿ ಅಂತಿದಾನೆ, ಪ್ರಿಂಟರ್ ರೀಫಿಲ್ಲಿಗೆ ಅವನೇ ಬೇಕಲ್ಲ ಮಾರಾಯ ಅಂತ ಅಕ್ಕ ತಡೆದಿದಾಳೆ.